ಮಗ್ಗದವನ ದನಿ

"ನನಗ ಕುಡ್ಯೂ ಚಟ ಐತ್ರಿ."

ಅಂದ ಮೇಲೆಯೇ ಸುಭಾಷನಿಗೆ ತಾನು ಕೂಗಿಬಿಟ್ಟದ್ದು ಗೊತ್ತಾಯಿತು. ಇಪ್ಪತ್ತು ವರ್ಷ ಪವರ್‌ಲೂಮ್‌ಗಳ ಗದ್ದಲದೊಳಗೆ ಮಾತಾಡಿದ ಗಂಟಲು, ಅದಕ್ಕೆ ಮೆಲುದನಿ ಮರೆತೇಹೋಗಿತ್ತು. ಗುರುತಿನವರ ಕಣ್ಣಿಗೆ ಬೀಳಬಾರದೆಂದೇ ಬನಹಟ್ಟಿಯಿಂದ ಮುಧೋಳಕ್ಕೆ ಬಂದು, ಕುಡಿತ ಬಿಡಲು ಹೆಣಗುವವರ ಈ ಸಭೆಯಲ್ಲಿ ಕೂತಿದ್ದ. ಈಗ ಕಿಟಕಿಯಾಚೆ ಬಸ್ಸಿಗೆ ನಿಂತವರೆಲ್ಲ ಇತ್ತ ತಿರುಗಿದ್ದರು. ಎದ್ದು ಹೋಗಬೇಕೋ ಕೂತೇ ಇರಬೇಕೋ ತಿಳಿಯದೆ, ಖಾಲಿಯಾಗಿದ್ದ ಚಹದ ಕಪ್ಪನ್ನೇ ಮತ್ತೆ ಬಾಯಿಗಿಟ್ಟುಕೊಂಡ.

ಹಿಂದಿನ ಕುರ್ಚಿಯಿಂದ ಅಷ್ಟೇ ದೊಡ್ಡ ದನಿ ಬಂತು. ಅಂಗಿಗೆ ನೂಲಿನ ಎಳೆ ಅಂಟಿದ್ದ ಮುದುಕನೊಬ್ಬ ಪಕ್ಕದ ಕುರ್ಚಿ ತಟ್ಟುತ್ತಿದ್ದ.

"ದನಿ ಕೇಳೇ ಗೊತ್ತಾತು, ನೀ ಮಗ್ಗದಾಂವ. ನಾನೂ ನೇಕಾರನ, ರಬಕವಿಯಾಂವ. ಮಗ್ಗದ ಸದ್ದಿಗೆ ಕಿವಿ ಮಂದ ಆಗ್ಯಾವ; ಇಲ್ಲಿ ಬರಾಕ ಹತ್ತಿ ಮೂರು ತಿಂಗಳಾತು, ಒಬ್ಬರ ಮಾತೂ ನನ್ನ ಕಿವಿಗಿ ಬಿದ್ದಿದ್ದಿಲ್ಲ. ಇವತ್ತ ಬಿತ್ತು. ಬಾ ತಮ್ಮಾ, ಮುಂದಿಂದು ಹೇಳು."