ಮಹಡಿಯ ಕುರ್ಚಿಗಳು

“ಸಿಸ್ಟರ್, ಬೆಳಗ್ಗೆ ಅಪ್ಪ ಹೋಗ್ಬಿಟ್ರು. ಬಂದೋರಿಗೆ ಕೂರೋಕೆ ಜಾಗ ಇಲ್ಲ. ನಿಮ್ ಕುರ್ಚಿಗಳು ಹೇಗೂ ಖಾಲಿ ಇರ್ತಾವಲ್ಲ, ಕೊಡ್ತೀರಾ?” ಕೆಳಗಿನ ಅಂಗಡಿಯ ದರ್ಜಿ ಬಾಗಿಲಲ್ಲಿ ನಿಂತು ಕೇಳಿದ. ಕೊರಳಲ್ಲಿದ್ದ ಅಳತೆಯ ಟೇಪು ತೆಗೆಯುವುದನ್ನೂ ಮರೆತಿದ್ದ.

‘ಹೇಗೂ ಖಾಲಿ’ ಎಂಬ ಮಾತು ಆ ಯುವ ಮಿಷನರಿಗೆ ಚುರುಕ್ಕೆಂದಿತು. ಸುಳ್ಳೇನಲ್ಲ. ಸಮುದ್ರ ದಾಟಿ ಈ ಊರಿಗೆ ಬಂದಾಗಿನಿಂದ ಪ್ರತಿ ಭಾನುವಾರ ಸಂಜೆ ಅವಳು ಕುರ್ಚಿಗಳನ್ನು ಒರೆಸಿ, ಸಾಲಾಗಿ ಹಾಕಿ, ಬೈಬಲ್ ಹಿಡಿದು ಕಾಯುತ್ತಿದ್ದಳು. ಬೀದಿಯವರು ಕಂಡಲ್ಲಿ ನಗುತ್ತಿದ್ದರೇ ಹೊರತು ಮೆಟ್ಟಿಲು ಹತ್ತುತ್ತಿರಲಿಲ್ಲ. ಇವತ್ತೂ ಭಾನುವಾರ, ಪ್ರಾರ್ಥನೆಯ ಹೊತ್ತು. ಇವತ್ತೇ ಯಾರಾದರೂ ಬಂದುಬಿಟ್ಟರೆ? ಮೆಟ್ಟಿಲತ್ತ ಒಮ್ಮೆ ನೋಡಿದಳು. ಬೈಬಲನ್ನು ಮೇಜಿನ ಮೇಲಿಟ್ಟು, ಕೈಗೊಂದು ಕುರ್ಚಿ ಎತ್ತಿಕೊಂಡಳು. “ನಡೀರಿ, ನಾನೂ ಹೊರ್ತೀನಿ.”

ಕೊನೆಯ ಕುರ್ಚಿ ಇಳಿಸುವಷ್ಟರಲ್ಲಿ ಏದುಸಿರು ಬಂದಿತ್ತು. ಅಂಗಡಿಯ ತುಂಬ ಜನ. ಇವಳ ಹೆಜ್ಜೆ ಸಪ್ಪಳಕ್ಕೇ ಬಾಗಿಲು ಹಾಕಿಕೊಳ್ಳುತ್ತಿದ್ದ ಎದುರು ಮನೆಯ ಮೇಷ್ಟ್ರೂ ಅವಳ ಕುರ್ಚಿಯಲ್ಲೇ ಕೂತಿದ್ದರು. ಒಂದೂ ಖಾಲಿ ಇರಲಿಲ್ಲ. ಅವಳು ಸದ್ದಿಲ್ಲದೆ ಮೇಲೆ ಹೊರಟಾಗ ದರ್ಜಿಯ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಅವಳ ಕೈ ಹಿಡಿದಳು. ಕೂತಲ್ಲೇ ಸರಿದು, ತನ್ನ ಕುರ್ಚಿಯ ಅರ್ಧ ಜಾಗ ತಟ್ಟಿ ತೋರಿಸಿದಳು.

“ಎಲ್ಲಿಗೆ ಹೊರಟೆ ಮಗಳೇ? ಕೂತ್ಕೋ. ನಮ್ಮ ಯಜಮಾನ್ರ ಬಗ್ಗೆ ನಿಮ್ ದೇವ್ರ ಹತ್ರಾನೂ ಒಂದ್ ಮಾತು ಹೇಳು.”

ಬೈಬಲ್ ಮಹಡಿಯಲ್ಲೇ ಉಳಿದಿತ್ತು. ಅದನ್ನು ತರಲು ಅವಳು ಹೋಗಲಿಲ್ಲ. ಅರ್ಧ ಕುರ್ಚಿಯಲ್ಲಿ ಕೂತು, ಮುದುಕಿಯ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು ಕಣ್ಣು ಮುಚ್ಚಿದಳು. ಎದುರಿಗೆ ಮೇಷ್ಟ್ರು ಕನ್ನಡಕ ತೆಗೆದು ತಲೆ ತಗ್ಗಿಸಿದರು.