ಹೋಳಿಗೆ ಕರಗಿಸುವ ಚಾಕರಿ

ಸಾಯಬಣ್ಣನನ್ನು ಉಣ್ಣುವ ತಾಟಿನ ಮುಂದಿನಿಂದ ಎಬ್ಬಿಸಿ ತಂದರು. ರೊಟ್ಟಿ ಮುರಿದಿದ್ದ, ಇನ್ನೂ ಬಾಯಿಗಿಟ್ಟಿರಲಿಲ್ಲ.

ತಂದವನು ಕಾರಭಾರಿ ಮಡಿವಾಳಯ್ಯ. ವಾಡೆಯ ಕಟ್ಟೆಯ ಮೇಲೆ ರೇವಣಪ್ಪ ಗೌಡರು ಗಾದಿಗೆ ಒರಗಿ ನರಳುತ್ತಿದ್ದರು. ಗುಂಡಗುರ್ತಿಯ ಮದುವೆಯಲ್ಲಿ ಹದಿನಾಲ್ಕು ಹೋಳಿಗೆ ಉಂಡು ಎರಡು ದಿನವಾಗಿತ್ತು, ಒಂದೂ ಕರಗಿರಲಿಲ್ಲ. ಹೈದರಾಬಾದಿನಲ್ಲಿ ಗೌಡರಿಗೆ ಹಲ್ಲು ಕಟ್ಟಿಕೊಟ್ಟ ಚೀನಾದವನು ಅಜೀರ್ಣಕ್ಕೊಂದು ಉಪಾಯ ಹೇಳಿ ಕಳಿಸಿದ್ದ: ಹೊಕ್ಕುಳ ಮೇಲೆ ಅಂಗೈ ಒತ್ತಿ ನೂರು ಸುತ್ತು ತಿಕ್ಕಬೇಕು, ತನ್ನ ಹೊಟ್ಟೆಯನ್ನು ತನ್ನ ಕೈಯಿಂದಲೇ. ಗೌಡರು ನಾಲ್ಕು ಸುತ್ತಿಗೆ ದಣಿದುಬಿಟ್ಟರು. ಹುಟ್ಟಿದಾಗಿನಿಂದ ಆ ಕೈ ಅಷ್ಟು ದುಡಿದದ್ದೇ ಇರಲಿಲ್ಲ.

"ಕೆಳಗ ನಿಂದ್ರು, ಕಟ್ಟಿ ಹತ್ತಬ್ಯಾಡ," ಎಂದ ಮಡಿವಾಳಯ್ಯ. "ಗೌಡ್ರ ಹೊಟ್ಟಿ ನೂರು ಸುತ್ತು ತಿಕ್ಕಬೇಕು."

"ಮುಟ್ಟದ ಹ್ಯಾಂಗ್ರಿ ತಿಕ್ಕೋದು?"

"ಅವರನ್ಯಾಕ ಮುಟ್ತಿ? ನಿನ್ನ ಹೊಟ್ಟೀನೇ ತಿಕ್ಕೋ. ನಿಮ್ಮಪ್ಪ, ನಿಮ್ಮ ಮುತ್ಯಾ ಈ ವಾಡೇದ ಜ್ವಾಳ ತಿಂದೇ ಬೆಳದವರು. ನಿನ್ನ ಕೈ ಯಾರದು? ಗೌಡ್ರದು. ನಿನ್ನ ಹೊಟ್ಟಿ ಯಾರದು?"

ನಿಜಾಮರ ರಾಜ್ಯ ಹೋಗಿ ಎರಡು ವರ್ಷವಾಗಿತ್ತು. ಸಾಯಬಣ್ಣ ತಲೆ ಕೆರೆದುಕೊಂಡ. "ಬಿಟ್ಟಿ ಚಾಕ್ರಿ ಬಂದ್ ಅಂತ ಚಿತ್ತಾಪುರದಾಗ ಡಂಗುರ ಹೊಡದಾರಲ್ರಿ, ಅಯ್ನೋರ?"

ಗೌಡರು ಕಣ್ಣು ಬಿಟ್ಟರು. "ನಿನ್ನ ಹೊಟ್ಟಿ ನೀ ತಿಕ್ಕೊಂಡ್ರ ಅದು ಬಿಟ್ಟಿ ಹ್ಯಾಂಗ ಆಗ್ತದಲೇ? ಯಾವ ತಹಶೀಲ್ದಾರನ್ನ ಕೇಳ್ತಿ, ಕೇಳ್ಹೋಗು. ಗುಡಸಲ ಉಳೀಬೇಕಂದ್ರ ತಿಕ್ಕು."

ಗುಡಿಸಲು ಗೌಡರ ಜಾಗದಲ್ಲಿತ್ತು. ಇವತ್ತು ತಿಕ್ಕಿದರೆ ನಾಳೆಯಿಂದ ವಾಡೆಯ ಪ್ರತಿ ಊಟಕ್ಕೂ ಕರೆ ಬರುತ್ತದೆ, ಅದೂ ಅವನಿಗೆ ಗೊತ್ತಿತ್ತು. ಅಂಗಿ ಎತ್ತಿ, ಬೆನ್ನಿಗೆ ಹತ್ತಿದ ಹೊಟ್ಟೆಯ ಮೇಲೆ ಬಲಗೈ ಇಟ್ಟು ತಿರುಗಿಸತೊಡಗಿದ. ಮಡಿವಾಳಯ್ಯ ಕಟ್ಟೆಯ ಮೇಲೆ ಎಣಿಸುತ್ತ ನಿಂತ. ಹತ್ತಕ್ಕೆ ಗೌಡರ ಹೊಟ್ಟೆ ಗುಡುಗುಡು ಎಂದಿತು. ಹದಿನೈದಕ್ಕೆ ಉದ್ದನೆಯದೊಂದು ತೇಗು ವಾಡೆಯ ತೊಲೆಗಳಿಗೆ ಬಡಿದು ಹೊರಬಂತು.

"ಹಾಂ! ಹೋಳಿಗಿ ಇಳಿಲಿಕತ್ತಾವ!" ಗೌಡರು ಹಿಗ್ಗಿದರು. "ನಾಳಿಂದ ಎರಡೂ ಹೊತ್ತು ಬಾ."

"ನಾ ಉಣ್ಣಾದು ಯಾವಾಗ್ರಿ, ಯಪ್ಪಾ?"

"ನೀ ಉಂಡು ಬಂದ್ರ ನನಗ ಭಾರ ಆಗ್ತದ. ಖಾಲಿ ಹೊಟ್ಟೀಲೇ ಬಾ."

ಸಾಯಬಣ್ಣನ ಬಲಗೈ ಸೋತು ಜಾರಿತು. ಎಡಗೈ ಇಟ್ಟ, ಅದು ಉಲ್ಟಾ ತಿರುಗಿತು. ಇಪ್ಪತ್ತನೆಯ ಸುತ್ತಿಗೆ ಗೌಡರ ಮುಖ ಹಸಿರಾಯಿತು. ಇಳಿದಿದ್ದ ಹೋಳಿಗೆಗಳೆಲ್ಲ ಹೊರಳಿ ಗಂಟಲಿಗೆ ಹೊರಟಿದ್ದವು.

"ಯಪ್ಪೋ, ಸತ್ತೆ! ನಿಲ್ಲಸಲೇ, ನಿಲ್ಲಸು!"

ಸಾಯಬಣ್ಣ ತನ್ನ ಎಡಗೈಯನ್ನೊಮ್ಮೆ ನೋಡಿದ, ಗೌಡರನ್ನೊಮ್ಮೆ ನೋಡಿದ. ಮಡಿವಾಳಯ್ಯ ಕಟ್ಟೆಯಿಂದ ಜಿಗಿದು ಆ ಕೈ ಹಿಡಿಯಲು ಬಂದ. ಹಿಡಿದರೆ ಮೈಲಿಗೆ. ಅವನ ಬೆರಳುಗಳು ಗೇಣು ದೂರದಲ್ಲಿ, ಗಾಳಿಯಲ್ಲೇ ನಿಂತವು.

"ನಿಲ್ಲಸಂಗಿಲ್ರಿ, ಅಯ್ನೋರ," ಎಂದ ಸಾಯಬಣ್ಣ. "ನೀವು ಎಣಸ್ರಿ. ಇನ್ನಾ ಎಂಬತ್ತು ಉಳದಾವ."