ನಿಂಬೆಹಣ್ಣು ತುಳಿದು ಹೊರಟ ಹಡಗು

ಅಪ್ಪ ತೀರಿಕೊಂಡ ಮೂರನೇ ವರ್ಷ, ಮಕ್ಕಳನ್ನು ಕರೆದುಕೊಂಡು ಹಿಮದ ಬೆಟ್ಟಗಳ ನಡುವೆ ಸಾಗುವ ಹಡಗಿನಲ್ಲಿ ನಿಂತಿದ್ದೇನೆ. ಮಗಳ ಕೈಯ ಲೋಟದಿಂದ ಬಿಸಿ ನಿಂಬೆ ಚಹಾದ ವಾಸನೆ ಬರುತ್ತಿದೆ.

ಕೊರೆಯುವ ಚಳಿಯಲ್ಲಿ ಈ ವಾಸನೆ ನನಗೆ ಮೊದಲು ಬಂದದ್ದು ಪೀಣ್ಯದಲ್ಲಿ. ಅಪ್ಪ ಅಲ್ಲಿನ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಆಪರೇಟರ್ ಆಗಿದ್ದರು. ಆಯುಧಪೂಜೆಯ ದಿನ ಸುತ್ತಲಿನ ಕಾರ್ಖಾನೆಗಳೆಲ್ಲ ಮೆಷಿನ್ ನಿಲ್ಲಿಸಿದರೂ ಅಪ್ಪನ ಕಂಪ್ರೆಸರ್ ನಿಲ್ಲುವಂತಿರಲಿಲ್ಲ. ಹಾಗಾಗಿ ಅಮ್ಮ, ತಂಗಿ, ನಾನು ಮಧ್ಯಾಹ್ನ ಅಲ್ಲಿಗೇ ಹೋದೆವು.

ಪೆಟ್ಟಿಗೆ ಸಾಗಿಸುವ ಕೈಗಾಡಿಗೆ ಬಾಳೆಕಂದು ಕಟ್ಟಿ, ಚಕ್ರಗಳಡಿ ನಿಂಬೆಹಣ್ಣು ಇಟ್ಟಿದ್ದರು. ಅಪ್ಪ ನಮ್ಮಿಬ್ಬರನ್ನೂ ಅದರ ಮೇಲೆ ಕೂರಿಸಿ, ಗ್ರೀಸ್ ವಾಸನೆಯ ತಮ್ಮ ದಪ್ಪ ಜಾಕೆಟ್ ಹೊದಿಸಿದರು.

"ಹಡಗು ಹೊರಡ್ತಿದೆ. ಐಸ್ ದೇಶಕ್ಕೆ."

"ಮಕ್ಕಳಿಗೆ ನೆಗಡಿ ಆಗತ್ತೆ ಕಣ್ರೀ," ಎಂದರು ಅಮ್ಮ.

"ಐದೇ ನಿಮಿಷ ಕಣೆ."

"ಸಮುದ್ರ ಎಲ್ಲಿ ಅಪ್ಪ?" ತಂಗಿ ಕೇಳಿದಳು.

"ಬಾಗಿಲು ಹಾಕಿದ್ಮೇಲೆ ಬರತ್ತೆ."

ನಿಂಬೆಹಣ್ಣುಗಳು ಪಚಕ್ಕೆಂದು ಒಡೆದವು. ದಪ್ಪ ಬಾಗಿಲು ತೆರೆದಾಗ ಬಿಳಿ ಹಬೆ ಮುಖಕ್ಕೆ ಬಡಿಯಿತು, ನಿಂಬೆಯ ವಾಸನೆ ನಮ್ಮ ಜೊತೆಗೇ ಒಳಗೆ ಬಂತು. ಬಟಾಣಿ ಮೂಟೆಗಳ ಸಾಲಿನ ನಡುವೆ ಅಪ್ಪ ತೆಳು ಅಂಗಿಯಲ್ಲೇ ಗಾಡಿ ತಳ್ಳುತ್ತಾ, ಮಂಜುಗಟ್ಟಿದ ಪೈಪುಗಳನ್ನು ಬೆಟ್ಟಗಳೆಂದು ತೋರಿಸಿದರು. ತಂಗಿ ಎದ್ದು ನಿಂತು ಅವಕ್ಕೆ ಟಾಟಾ ಮಾಡಿದಳು.

"ಅಪ್ಪ, ನೀವು ನಿಜವಾದ ಐಸ್ ಬೆಟ್ಟ ನೋಡಿದೀರಾ?" ನಾನು ಕೇಳಿದೆ.

"ಇಲ್ಲ ಕಣೋ." ಅವರ ಹಲ್ಲು ಕಟಕಟ ಎನ್ನುತ್ತಿತ್ತು. "ನೀನು ಹೋದಾಗ, ಇಲ್ಲಿಗಿಂತ ಚಳಿ ಜಾಸ್ತಿ ಇತ್ತಾ ಅಂತ ಬಂದು ನಂಗೆ ಹೇಳು."